ಐದು ನಿಮಿಷದ ಬಿಡುವು

2025ರ ಜುಲೈ ಎರಡನೇ ವಾರದಿಂದ ಡಿಸೆಂಬರ್ ಮೂರನೇ ವಾರದವರೆಗೆ ನನ್ನ ಪ್ರೇಮ ಕಾದಂಬರಿಯೊಂದು ವಾರಪತ್ರಿಕೆಯಲ್ಲಿ 24 ಕಂತುಗಳಾಗಿ ಬಂತು. ಹಾಸನದ ಸಾಲಗಾಮೆ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರ ಮನೆಯಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಯಜಮಾನರು, ಪಿಯುಸಿ ಓದುವ ಮಗಳು, ಒಂಬತ್ತನೇ ತರಗತಿಯ ಮಗ ಮತ್ತು ಎಪ್ಪತ್ತಾರು ವರ್ಷದ ಅತ್ತೆಯವರ ನಡುವೆ ಇದ್ದುಕೊಂಡು ಅದನ್ನು ಬರೆದೆ. ಇದು ನನ್ನ ಐದನೆಯ ಕಾದಂಬರಿ. ಮೊದಲ ನಾಲ್ಕನ್ನು ನನ್ನ ಅನುಕೂಲಕ್ಕೆ ತಕ್ಕಂತೆ, ಒಂದೊಂದಕ್ಕೆ ಎರಡೆರಡು ವರ್ಷ ತೆಗೆದುಕೊಂಡು ಬರೆದಿದ್ದೆನಾದ್ದರಿಂದ ಮನೆಗೂ ಬರವಣಿಗೆಗೂ ಅಷ್ಟಾಗಿ ತಿಕ್ಕಾಟವಿರಲಿಲ್ಲ. ವಾರಕ್ಕೊಂದು ಕಂತು ತಪ್ಪದೆ ಕೊಡಬೇಕಾದ ಈ ಐದೂವರೆ ತಿಂಗಳಲ್ಲಿ ಮಾತ್ರ ಎರಡನ್ನೂ ಒಂದೇ ಒಲೆಯ ಮೇಲೆ ಇಟ್ಟು ನಡೆಸಬೇಕಾಯಿತು. ಅದು ಹೇಗೆ ನಡೆಯಿತೆಂದು ಬರೆಯಲು ಹೊರಟಿದ್ದೇನೆ.

ಸಂಪಾದಕರು ಎರಡು ಪುಟದ ಕಥಾಸಾರವನ್ನೂ ಮೊದಲ ಐದು ಕಂತುಗಳನ್ನೂ ಮುಂಚಿತವಾಗಿ ಕೇಳಿದ್ದರು. ಒಂದು ಕಂತೆಂದರೆ ಸುಮಾರು 1,800 ಪದ. ಪತ್ರಿಕೆ ಓದುಗರ ಕೈ ಸೇರುವ ಹತ್ತು ದಿನ ಮೊದಲು ಅದು ಅವರ ಮೇಜಿನ ಮೇಲಿರಬೇಕು. ಫೋನಿನಲ್ಲಿ ಮಾತನಾಡುತ್ತಾ ಅವರು, “ಹಾಸನ ಅಂದಮೇಲೆ ಕಾಫಿ ತೋಟ ಇದ್ದೇ ಇರುತ್ತಲ್ಲ ಮೇಡಂ, ನಾಯಕ ಪ್ಲಾಂಟರ್ ಮಗನಾಗಿರಲಿ” ಎಂದರು. ಸಕಲೇಶಪುರ, ಆಲೂರಿನ ಕಡೆಯ ತೋಟಗಳು ನಮ್ಮ ಜಿಲ್ಲೆಯವೇ ಆದರೂ ನಾನು ಹುಟ್ಟಿ ಬೆಳೆದದ್ದು ಶಾಂತಿಗ್ರಾಮದ ಕಡೆಯ ಬಯಲಿನಲ್ಲಿ. ಅಲ್ಲಿನ ಮಳೆಗಾಲದ ಬೆಳೆ ಆಲೂಗೆಡ್ಡೆ. ಮೇ ತಿಂಗಳಲ್ಲಿ ಎಪಿಎಂಸಿ ಅಂಗಳಕ್ಕೆ ಪಂಜಾಬಿನ ಜಲಂಧರಿನಿಂದ ಬಿತ್ತನೆ ಗೆಡ್ಡೆಯ ಲಾರಿಗಳು ಬಂದು ನಿಲ್ಲುವುದು, ಈ ಸಲದ ದರವೆಷ್ಟೆಂದು ತಿಳಿಯಲು ರೈತರು ಬೆಳಗಿನಿಂದಲೇ ಕಾಯುವುದು, ಚಿಕ್ಕವಳಿದ್ದಾಗಿನಿಂದ ನಾನು ಕಂಡ ದೃಶ್ಯ. ನನ್ನ ನಾಯಕ ಆ ಸಾಲಿನಲ್ಲಿ ನಿಲ್ಲುವವನಾಗಿರಬೇಕೆಂದು ನನಗೆ ಆಸೆಯಿತ್ತು. ಸಾಲವಿಲ್ಲದ, ಬೆಳೆ ಹಾಳಾದರೂ ಮುಖ ಬಾಡದ ಯುವಕನನ್ನು ಪ್ರೀತಿಸುವುದಕ್ಕೆ ಹುಡುಗಿಯೊಬ್ಬಳಿಗೆ ಧೈರ್ಯವೇ ಬೇಕಾಗುವುದಿಲ್ಲ, ಧೈರ್ಯ ಬೇಡದ ಪ್ರೀತಿಯನ್ನು 24 ವಾರ ಎಳೆಯುವುದು ಕಷ್ಟ ಎಂದು ಸಂಪಾದಕರಿಗೆ ವಿವರಿಸಿದೆ. ಅವರು ಎರಡು ದಿನ ಯೋಚಿಸಿ ಒಪ್ಪಿದರು.

ಬರೆಯುವ ಮುನ್ನ ಚಿಕ್ಕಪ್ಪನ ಹೊಲಕ್ಕೆ ಹೋಗಿ ಎರಡು ದಿನ ಇದ್ದುಬಂದೆ. ಮೂರು ಎಕರೆ ಆಲೂಗೆಡ್ಡೆ ಹಾಕುತ್ತಿದ್ದ ಚಿಕ್ಕಪ್ಪ ಈಗ ಒಂದು ಎಕರೆಗೆ ಇಳಿದಿದ್ದಾರೆ. ಉಳಿದ ಎರಡು ಎಕರೆ ಮುಸುಕಿನ ಜೋಳ. ಅದಕ್ಕೆ ಕಾರಣ ಅಂಗಮಾರಿ ರೋಗ. ಮೋಡ ಮುಚ್ಚಿ, ಹನಿ ಬಿಡದೆ, ಗಾಳಿ ತಣ್ಣಗಾದ ವಾರದಲ್ಲಿ ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಪ್ಪು ಮಚ್ಚೆ ಏಳುತ್ತದೆ, ಬೆಳಿಗ್ಗೆ ಎಲೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಬಿಳಿಯ ಬೂಸ್ಟು ಕಾಣುತ್ತದೆ, ಔಷಧಿ ಹೊಡೆಯುವುದು ತಡವಾದರೆ ವಾರ ಕಳೆಯುವುದರೊಳಗೆ ಹೊಲವೆಲ್ಲ ಸುಟ್ಟಂತಾಗುತ್ತದೆ. ನಾನು ಹೋದಾಗ ಹಜಾರದಲ್ಲಿ ಬಿತ್ತನೆ ಗೆಡ್ಡೆಯನ್ನು ಹೋಳು ಮಾಡುತ್ತಿದ್ದರು. ನಾನೂ ಒಂದು ಚಾಕು ತೆಗೆದುಕೊಂಡು ಕುಳಿತೆ. ಚಿಕ್ಕಪ್ಪ ನನ್ನ ಕೈಯಿಂದ ಒಂದು ಹೋಳು ತೆಗೆದು ತಿರುಗಿಸಿ ತೋರಿಸಿದರು: “ನೋಡವ್ವ, ಒಂದೊಂದು ಹೋಳಿಗೂ ಎರಡು ಕಣ್ಣಾದ್ರೂ ಇರ್ಬೇಕು. ಕಣ್ಣಿಲ್ಲದ್ದು ಮಣ್ಣಲ್ಲಿ ಕೊಳೀತದೆ ಅಷ್ಟೆ.” ಕಣ್ಣೆಂದರೆ ಮೊಳಕೆ ಒಡೆಯುವ ಸಣ್ಣ ಗುಳಿ. ಗೆಡ್ಡೆ ದೊಡ್ಡದಿದ್ದರೂ ಕಣ್ಣುಗಳು ಎಲ್ಲ ಕಡೆ ಸಮನಾಗಿರುವುದಿಲ್ಲ, ಒಂದು ತುದಿಯಲ್ಲಿ ಹೆಚ್ಚು ಒತ್ತಾಗಿರುತ್ತವೆ, ಹಾಗಾಗಿ ಕಣ್ಣಿದ್ದ ಕಡೆಯಿಂದ ಅಳೆದು ಚಾಕು ಇಳಿಸಬೇಕು. ಕೊಳೆತ ಗೆಡ್ಡೆಯೊಂದು ಸಿಕ್ಕಿದರೆ ಚಾಕುವನ್ನು ಔಷಧಿ ನೀರಿನಲ್ಲಿ ಅದ್ದದೆ ಮುಂದಿನದನ್ನು ಮುಟ್ಟುವಂತಿಲ್ಲ. ಹೋಳುಗಳನ್ನು ನೆರಳಿನಲ್ಲಿ ಹರಡಿ, ಕೊಯ್ದ ಮುಖ ಒಣಗಿದ ಮೇಲೆ ನಾಟಿ. ಇವೆಲ್ಲ ನನ್ನ ನೋಟ್‌ಬುಕ್ಕಿಗೆ ಬಂದವು, ಆಮೇಲೆ ಕಾದಂಬರಿಗೂ ಬಂದವು.

ನಾಯಕಿಯನ್ನು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳನ್ನಾಗಿ ಮಾಡಿದೆ. ಮಣ್ಣಿನ ಮಾದರಿ ತೆಗೆಯುವ ಕ್ರಮವನ್ನು ಕೃಷಿ ಇಲಾಖೆಯವರು ರೈತರಿಗೆ ಹೇಳಿಕೊಡುವುದನ್ನು ನೋಡಿದಾಗಲೇ ನನ್ನ ಆರನೇ ಕಂತು ಮನಸ್ಸಿನಲ್ಲಿ ರೂಪುಗೊಂಡಿತ್ತು. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹದಿನೈದು ಕಡೆ ‘ವಿ’ ಆಕಾರದ ಗುಂಡಿ ತೆಗೆದು, 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಒಂದು ಬಟ್ಟೆಯ ಮೇಲೆ ಗುಡ್ಡೆ ಹಾಕಿ ಬೆರೆಸುತ್ತಾರೆ. ಅದನ್ನು ವೃತ್ತವಾಗಿ ಹರಡಿ, ಬೆರಳಿನಿಂದ ಎರಡು ಗೆರೆ ಎಳೆದು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಚೆಲ್ಲುತ್ತಾರೆ. ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ಅದೇ ರೀತಿ, ಅರ್ಧ ಕೆಜಿ ಉಳಿಯುವವರೆಗೂ ಮಾಡುತ್ತಾರೆ. ಬಟ್ಟೆಯ ಆಚೆ ಒಬ್ಬ, ಈಚೆ ಒಬ್ಬಳು ಮಂಡಿಯೂರಿ ಕುಳಿತಿದ್ದಾರೆ, ಅವಳು ಗೆರೆ ಎಳೆಯುತ್ತಾಳೆ, ಅವನು ಚೆಲ್ಲುತ್ತಾನೆ, ಇಬ್ಬರೂ ಮಣ್ಣಿನ ವಿಚಾರ ಬಿಟ್ಟು ಬೇರೇನನ್ನೂ ಮಾತನಾಡುವುದಿಲ್ಲ. ಆ ಕಂತಿನಲ್ಲಿ ‘ಪ್ರೀತಿ’ ಎಂಬ ಪದ ಒಂದು ಸಲವೂ ಬರದಂತೆ ನೋಡಿಕೊಂಡೆ. ನಾನು ಬರೆದದ್ದರಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಕಂತು ಅದು.

ಬರೆಯುವ ಹೊತ್ತು ಬೆಳಗಿನ ನಾಲ್ಕೂವರೆಯಿಂದ ಆರೂಕಾಲು. ದಿನಕ್ಕೆ 300 ಪದದಂತೆ ಆರು ದಿನಕ್ಕೆ ಒಂದು ಕಂತು. ಭಾನುವಾರ ರಾತ್ರಿ ಅದನ್ನು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಕಳುಹಿಸುವುದು. ಆರೂಕಾಲಿಗೆ ಎದ್ದು ಹಾಲು ಕಾಯಿಸಿದರೆ ಆಮೇಲೆ ಮಕ್ಕಳ ಡಬ್ಬಿ, ಯಜಮಾನರ ಊಟದ ಕ್ಯಾರಿಯರ್, ಅತ್ತೆಯವರ ಬಿಸಿನೀರು, ನಲ್ಲಿಯಲ್ಲಿ ನೀರು ಬರುವ ದಿನವಾದರೆ ತೊಟ್ಟಿ ತುಂಬಿಸುವುದು, ಹೀಗೆ ಹತ್ತೂವರೆಯವರೆಗೆ ಬಿಡುವಿಲ್ಲ. ಯಾರು ಕೇಳಿದರೂ ಈ ವೇಳಾಪಟ್ಟಿಯನ್ನಷ್ಟೇ ಹೇಳುತ್ತಿದ್ದೆ, ಏಕೆಂದರೆ ಹೇಳಲು ಸುಲಭವಾದದ್ದು ಅದು. ನಿಜವಾಗಿ ನನ್ನನ್ನು ದಣಿಸಿದ್ದು ಗಂಟೆಗಳ ಕೊರತೆಯಲ್ಲ. ಇಂದು ಆರೂಕಾಲಿಗೆ ಬಿಟ್ಟ ಎಳೆಯನ್ನು ನಾಳೆ ನಾಲ್ಕೂವರೆಗೆ ಹಿಡಿಯುವಷ್ಟರಲ್ಲಿ ಅದರ ಮೇಲೆ ಒಂದು ಇಡೀ ದಿನದ ಸಂಸಾರ ಹಾದುಹೋಗಿರುತ್ತದೆ. ನಾಯಕಿಯ ಕಣ್ಣಂಚಿನಲ್ಲಿ ಬಿಟ್ಟುಹೋದ ನೀರು ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಬರವಣಿಗೆಯಲ್ಲಿ ಪ್ರೀತಿಯ ತಾಪ ಆರಿಹೋದರೆ ಓದುಗರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಅದಕ್ಕೆ ನಾನು ಕಂಡುಕೊಂಡ ಉಪಾಯ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳುವುದು. ಅಂಥ ವಾಕ್ಯ ದಿನವಿಡೀ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತದೆ, ಮರೆಯಲು ಬಿಡುವುದಿಲ್ಲ. ಇನ್ನೊಂದು, ಸಂಭಾಷಣೆಯನ್ನು ಕೈಕೆಲಸದ ಹೊತ್ತಿನಲ್ಲಿ ಬಾಯಲ್ಲಿ ಹೇಳಿಕೊಂಡು ನೋಡುವುದು. ರಾಗಿ ಮುದ್ದೆ ತಿರುವುವಾಗ ಆಗುವುದಿಲ್ಲ, ಅಲ್ಲಿ ತೋಳಿನ ಶಕ್ತಿಯೆಲ್ಲ ಕೋಲಿಗೆ ಹೋಗುತ್ತದೆ, ಮನಸ್ಸು ಗಂಟಿನ ಮೇಲಿರುತ್ತದೆ. ಸೊಪ್ಪು ಬಿಡಿಸುವುದು, ಬಟ್ಟೆ ಮಡಿಸುವುದು, ಡಿಸೆಂಬರಿನಲ್ಲಿ ಅವರೆಕಾಳು ಹಿತುಕುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸಗಳು. ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಒಂದು ಸೇರು ಹಿತುಕುವುದರೊಳಗೆ ಕೊನೆಯ ಕಂತಿನ ಸಂಭಾಷಣೆ ಮುಕ್ಕಾಲು ಪಾಲು ಸಿದ್ಧವಾಗಿತ್ತು. ಒಬ್ಬಳೇ ಮಾತನಾಡಿಕೊಳ್ಳುವುದನ್ನು ಮೊದಮೊದಲು ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಆಮೇಲೆ ಅವರಿಗೂ ರೂಢಿಯಾಯಿತು.

ಸೆಪ್ಟೆಂಬರ್ ಎರಡನೇ ವಾರದಲ್ಲಿ ಅತ್ತೆಯವರ ಬಲಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಮುಂಗಡವಾಗಿ ಇಟ್ಟುಕೊಂಡಿದ್ದ ಐದು ಕಂತುಗಳು ಅಷ್ಟರಲ್ಲಿ ಎರಡಕ್ಕೆ ಇಳಿದಿದ್ದವು. ಶಸ್ತ್ರಚಿಕಿತ್ಸೆಯಾದ ಮೇಲೆ ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಎರಡು ಬಗೆಯ ಹನಿಗಳನ್ನು ದಿನಕ್ಕೆ ನಾಲ್ಕು ಸಲ ಹಾಕಬೇಕು, ಒಂದು ಹಾಕಿದ ಮೇಲೆ ಇನ್ನೊಂದಕ್ಕೆ ಐದು ನಿಮಿಷ ಬಿಡಬೇಕು, ಅಲ್ಲಿಯವರೆಗೆ ಕಣ್ಣು ಮುಚ್ಚಿರಬೇಕು. ಮೊದಲ ದಿನ ಆ ಐದು ನಿಮಿಷ ಅವರ ಪಕ್ಕದಲ್ಲಿ ಗಡಿಯಾರ ನೋಡುತ್ತಾ ಕುಳಿತೆ. ಎರಡನೆಯ ದಿನ ಕೈಯಲ್ಲಿದ್ದ ಹಸ್ತಪ್ರತಿಯಿಂದ ಒಂದು ಪುಟ ಓದಿ ಹೇಳಿದೆ. ಅತ್ತೆಯವರು ಮೂರನೇ ತರಗತಿಗೆ ಶಾಲೆ ಬಿಟ್ಟವರು. ನಾನು ಬರೆಯುತ್ತೇನೆಂದು ಅವರಿಗೆ ಗೊತ್ತಿತ್ತು, ಏನು ಬರೆಯುತ್ತೇನೆಂದು ನಾನೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದು ಹಾಗಿದ್ದೆವೆಂಬುದನ್ನು ನೆನೆದರೆ ಈಗ ನನಗೆ ಸಂಕಟವಾಗುತ್ತದೆ.

ಆಗ ಬರೆಯುತ್ತಿದ್ದುದು 12ನೇ ಕಂತು. ಅಂಗಮಾರಿಯಲ್ಲಿ ಬೆಳೆ ಹೋದ ಮೇಲೆ ನಾಯಕ ಮಾಡಿದ ಸಾಲವನ್ನು ನಾಯಕಿಯಿಂದ ಮುಚ್ಚಿಟ್ಟಿದ್ದಾನೆ, ಅವಳಿಗೆ ಬೇರೆಯವರಿಂದ ಗೊತ್ತಾಗಿದೆ, ಅವನು ಬಂದು ಕ್ಷಮೆ ಕೇಳುತ್ತಾನೆ, ಅವಳು ಅತ್ತು ಒಪ್ಪಿಕೊಳ್ಳುತ್ತಾಳೆ. ಎರಡನೆಯ ಹನಿ ಹಾಕಲು ಸೀಸೆ ಕೈಗೆ ತೆಗೆದುಕೊಂಡಾಗ ಅತ್ತೆಯವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಅಷ್ಟು ಬೇಗ ಮಾತಾಡ್ಬಾರ್ದು ಕಣವ್ವ ಅವಳು. ಸಾಲ ಮುಚ್ಚಿಟ್ಟೋನು ನಾಳೆ ಇನ್ನೊಂದು ಮುಚ್ಚಿಡ್ತಾನೆ. ಒಂದಷ್ಟು ದಿನ ಕಾಯ್ಲಿ.” ಮಧ್ಯಾಹ್ನದ ಹನಿಯ ಹೊತ್ತಿಗೆ ತಾವಾಗಿಯೇ ಮಾತು ಮುಂದುವರಿಸಿದರು. ನಮ್ಮ ಮಾವನವರು ಪಂಪ್‌ಸೆಟ್ಟಿಗೆಂದು ಇವರ ಚಿನ್ನದ ಸರವನ್ನು ಹೇಳದೆ ಗಿರವಿ ಇಟ್ಟಿದ್ದರಂತೆ. “ಮುದ್ದೆ ಇಕ್ತಿದ್ದೆ, ನೀರು ಇಡ್ತಿದ್ದೆ, ಮಾತಾಡ್ತಿರ್ಲಿಲ್ಲ. ಹನ್ನೊಂದು ದಿನ. ಹನ್ನೆರಡ್ನೇ ದಿನ ಅವ್ರೇ ಬಂದು ಒಲೆ ಮುಂದೆ ಕೂತ್ಕಂಡ್ರು. ಸರ ತಂದಿರ್ಲಿಲ್ಲ. ತಂದ್ಕೊಡ್ತೀನಿ ಅಂತಾನೂ ಅನ್ಲಿಲ್ಲ. ಸೌದೆ ಮುಂದಕ್ಕೆ ತಳ್ಳಿದ್ರು ಅಷ್ಟೆ.” ಅದಾದ ಮೇಲೆ ಇವರು ಮಾತನಾಡಿದರಂತೆ.

ಬರೆದಿದ್ದ ಕಂತನ್ನು ಹರಿದುಹಾಕಿದೆ. ರಾಜಿಯನ್ನು 15ನೇ ಕಂತಿಗೆ ಮುಂದೂಡಲು ಸಂಪಾದಕರ ಒಪ್ಪಿಗೆ ಪಡೆದೆ. ಕಥಾಸಾರ ಬದಲಾದರೆ ಅವರಿಗೂ ತೊಂದರೆಯೇ, ಆದರೂ ಕಾರಣ ಕೇಳಿ ಸುಮ್ಮನಾದರು. ಮೂರು ವಾರ ನನ್ನ ನಾಯಕಿ ಅವನ ಹೊಲದ ಮಣ್ಣಿನ ವರದಿಯನ್ನು ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು, ಒಂದು ಮಾತೂ ಆಡದೆ ಒಳಗೆ ಹೋದಳು. 15ನೇ ಕಂತಿನಲ್ಲಿ, ಮುಂದಿನ ಬಿತ್ತನೆಗೆ ಅವನೊಬ್ಬನೇ ಗೆಡ್ಡೆ ಹೋಳು ಮಾಡುತ್ತಿದ್ದಾಗ ಚಾಕು ಜಾರಿ ಬಲಗೈ ಕೊಯ್ದುಕೊಂಡ. ಅವಳು ಬಟ್ಟೆ ಹರಿದು ಕಟ್ಟಿ, ಚಾಕುವನ್ನು ತೊಳೆದು, ಅವನ ಬದಲು ತಾನು ಹೋಳು ಮಾಡಲು ಕುಳಿತಳು. “ಎರಡು ಕಣ್ಣಿರಬೇಕು” ಎಂದು ಅವನು ಹೇಳಿದ. “ಗೊತ್ತು” ಎಂದು ಅವಳು ಹೇಳಿದಳು. ಅತ್ತೆಯವರ ಅನುಮತಿ ಕೇಳಿಯೇ ಹನ್ನೊಂದು ದಿನದ ಮೌನವನ್ನು ಕಥೆಗೆ ತಂದುಕೊಂಡೆ. ಹೆಸರು ಹಾಕಬೇಡ ಎಂದಷ್ಟೇ ಅಂದರು, ಇಲ್ಲಿಯೂ ಹಾಕಿಲ್ಲ.

ಅಕ್ಟೋಬರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಮೇಲಿನ ಗುರುವಾರ ತೆರೆದು, ದೀಪಾವಳಿಯ ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುವ ದೇವಸ್ಥಾನ ಅದು. ಆ ದಿನಗಳಲ್ಲಿ ಹಾಸನದಲ್ಲಿ ಮನೆಯಿರುವವರಿಗೆ ನೆಂಟರಿಲ್ಲದ ರಾತ್ರಿ ಇರುವುದಿಲ್ಲ. ಬೆಂಗಳೂರು, ಮೈಸೂರು, ಶಿವಮೊಗ್ಗದಿಂದ ಬಂದವರು ಸೇರಿ ಒಂದು ರಾತ್ರಿ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಮಲಗಿದ್ದರು. ನಾನು ಬರೆಯುವ ಮೇಜಿನ ಕೆಳಗೂ ಒಂದು ಹಾಸಿಗೆಯಿತ್ತು. ಬೆಳಗಿನ ನಾಲ್ಕೂವರೆಗೆ ದೀಪ ಹಾಕುವಂತಿಲ್ಲವಾದ್ದರಿಂದ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಕಿ, ಮೊಬೈಲಿನ ಬೆಳಕಿನಲ್ಲಿ ಬರೆದೆ. ಆಗ ಮುಂಗಡ ಕಂತು ಒಂದೂ ಉಳಿದಿರಲಿಲ್ಲ. 17ನೇ ಕಂತು ದೀಪಾವಳಿಯ ಸೋಮವಾರವೇ ಹೋಗಬೇಕಿತ್ತು.

ಅತ್ತೆಯವರನ್ನು ಕರೆದುಕೊಂಡು ನಾವೂ ದರ್ಶನದ ಸಾಲಿನಲ್ಲಿ ನಿಂತೆವು. ಸಾಲು ನಿಧಾನವಾಗಿ ಸರಿಯುತ್ತಿದ್ದಾಗ ಅವರು ಮೊಮ್ಮಗಳಿಗೆ ಸೊಸೆ ಕಲ್ಲಿನ ಕಥೆ ಹೇಳಿದರು. ನಿತ್ಯವೂ ಗುಡಿಗೆ ಬಂದು ದೇವಿಯ ಧ್ಯಾನದಲ್ಲಿ ಮೈಮರೆಯುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು, ಮನೆಯಲ್ಲಿ ಕೆಲಸವಿಲ್ಲವೇ ಎಂದು ತಲೆಗೆ ಬಟ್ಟಲಿನಿಂದ ಹೊಡೆದಳಂತೆ. ನೋವಿನಿಂದ ಸೊಸೆ ಹಾಸನಾಂಬೆಯನ್ನು ಕೂಗಿದಳಂತೆ, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿಯೇ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷ ವರ್ಷವೂ ಇಷ್ಟಿಷ್ಟೇ ದೇವಿಯ ಪಾದದ ಕಡೆಗೆ ಸರಿಯುತ್ತದೆ ಎಂದು ನಂಬುವವರಿದ್ದಾರೆ. ಈ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ನನ್ನ ಅತ್ತೆಯವರ ಬಾಯಿಂದ, ನನ್ನ ಕೈಚೀಲದಲ್ಲಿ ಅರ್ಧ ಬರೆದ ಕಂತು ಇದ್ದಾಗ, ಅದೇ ಮೊದಲು ಕೇಳಿದ್ದು. ಅಂದು ಸಂಜೆ ಮನೆಗೆ ಬಂದು ನಾನು ತಾರಸಿಗೆ ಹೋದ ಮೇಲೆ, ಕಾಫಿ ಕೇಳಿಕೊಂಡು ಬಂದ ನೆಂಟರೊಬ್ಬರಿಗೆ ಅತ್ತೆಯವರು ಅಂದದ್ದು ಮೆಟ್ಟಿಲವರೆಗೂ ಕೇಳಿಸಿತು: “ಅವಳು ಬರೀತಾವ್ಳೆ. ಹಾಲು ಫ್ರಿಜ್‌ನಲ್ಲದೆ, ಡಿಕಾಕ್ಷನ್ ಸೋಸಿಟ್ಟವ್ಳೆ. ನೀವೇ ಬೆರೆಸ್ಕಳಿ.”

ಆ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಕನ್ನಡಕ್ಕೆ ಅದು ಮೊದಲ ಸಲ. ಅದಾದ ಮೇಲೆ ಊರಿನಲ್ಲಿ ಬರೆಯುವ ಹೆಂಗಸರನ್ನು ಕುರಿತು ಕೇಳುವವರ ದನಿಯಲ್ಲಿ ಹೊಸ ಗೌರವವೊಂದು ಸೇರಿಕೊಂಡದ್ದು ನನ್ನ ಅನುಭವಕ್ಕೂ ಬಂತು. ಆದರೂ ನಾನು ಪ್ರೇಮ ಕಾದಂಬರಿ ಬರೆಯುತ್ತೇನೆಂದು ತಿಳಿದೊಡನೆ “ಓ, ಲವ್ ಸ್ಟೋರಿನಾ” ಎಂದು ಮಾತು ಮುಗಿಸುವವರೇ ಹೆಚ್ಚು. ನನಗೆ ಇದು ನೋವು ತರುವ ವಿಚಾರ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳು ನನ್ನ ಹಿಂದಿನ ಕಾದಂಬರಿಯನ್ನು ಶಿಫ್ಟ್ ಮುಗಿಸಿ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದೆನೆಂದೂ, ತನ್ನನ್ನು ನೋಡಲು ಬಂದವನನ್ನು ಎರಡು ಪ್ರಶ್ನೆ ಹೆಚ್ಚು ಕೇಳಿದೆನೆಂದೂ ಹೇಳಿದ್ದಳು. ಯಾರ ಜೊತೆ ಬದುಕಬೇಕು, ಅವರ ಯಾವ ತಪ್ಪನ್ನು ಕ್ಷಮಿಸಬೇಕು, ಯಾವುದನ್ನು ಕ್ಷಮಿಸಬಾರದು ಎಂಬ ಪ್ರಶ್ನೆಗಳನ್ನು ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಚರ್ಚಿಸುವ ಜಾಗಗಳು ಕಡಿಮೆ. ಆ ಚರ್ಚೆ ನಡೆಯುವ ಬರವಣಿಗೆಯನ್ನು ಹಗುರವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

17ನೇ ಕಂತಿನಲ್ಲಿ ತಪ್ಪಾಗಿತ್ತು. ಪ್ರಕಟವಾದ ಮರುವಾರ ಅರಕಲಗೂಡಿನ ಓದುಗರೊಬ್ಬರಿಂದ ಕಾರ್ಡು ಬಂತು: ಹದಿನೈದನೇ ಕಂತಿನಲ್ಲಿ ಬಲಗೈಗೆ ಆದ ಗಾಯ ಹದಿನೇಳರಲ್ಲಿ ಎಡಗೈಗೆ ಹೇಗೆ ಹೋಯಿತು, ತಾಯಿ? ತಾರಸಿಯ ಮೇಲೆ ಹಿಂದಿನ ಕಂತುಗಳನ್ನು ತೆರೆದು ನೋಡದೆ ಬರೆದದ್ದರ ಫಲ. ಅಂದಿನಿಂದ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಗಳ ಹಿಂಬದಿಯಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ಹಾಳೆ ಮಾಡಿ, ಗಾಯ, ಸಾಲದ ಮೊತ್ತ, ಬಸ್ಸಿನ ಹೊತ್ತು, ಉಟ್ಟ ಸೀರೆಯ ಬಣ್ಣ ಎಲ್ಲವನ್ನೂ ಗುರುತು ಹಾಕಿ ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಮಗ ಈ ಕೆಲಸವನ್ನು ತನ್ನದಾಗಿ ಮಾಡಿಕೊಂಡ. ಕಂತು ಕಳುಹಿಸುವ ಮುನ್ನ ಓದಿ, ಹಾಳೆಯೊಡನೆ ಹೋಲಿಸಿ, ಕೆಂಪು ಪೆನ್ನಿನಲ್ಲಿ ತಪ್ಪು ಸುತ್ತುತ್ತಿದ್ದ.

ಕೊನೆಯ ಕಂತಿನಲ್ಲಿ ಮದುವೆಯ ನಂತರ ನಾಯಕಿ ಪ್ರಯೋಗಾಲಯದ ಕೆಲಸ ಬಿಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ತೆರೆದಿಟ್ಟು ಮುಗಿಸುವುದು ನನ್ನ ಯೋಜನೆಯಾಗಿತ್ತು. ಅವರೆಕಾಳು ಹಿತುಕುತ್ತಾ ಎದುರಿಗೆ ಕುಳಿತಿದ್ದ ಅತ್ತೆಯವರಿಗೆ ಅದನ್ನು ಹೇಳಿದೆ. “ತೆರೆದಿಡೋದು ಯಾಕೆ? ಬಿಡಿಸ್ಬೇಡ ಕೆಲ್ಸ. ಅವಳು ಬೆಳಿಗ್ಗೆ ಬಸ್ ಹತ್ತಿ ಹೋಗೋದನ್ನೇ ಬರಿ” ಎಂದರು. ಹಾಗೆಯೇ ಬರೆದೆ.

ಧಾರಾವಾಹಿ ಮುಗಿದ ಮೇಲೆ ಪುಸ್ತಕದ ಕೆಲಸ. ಇಲ್ಲಿ ನನ್ನ ಹಳೆಯ ಪೆಟ್ಟೊಂದನ್ನು ಹೇಳಲೇಬೇಕು. ಮೊದಲ ಕಾದಂಬರಿಯ ಪ್ರಕಾಶಕರು ಅವಧಿಯನ್ನಾಗಲಿ ಪ್ರದೇಶವನ್ನಾಗಲಿ ನಮೂದಿಸದ ಒಂದು ಹಾಳೆಗೆ ನನ್ನ ಸಹಿ ಪಡೆದಿದ್ದರು; ಏಳು ವರ್ಷಗಳ ನಂತರ ನನಗೆ ತಿಳಿಸದೆ ಮರುಮುದ್ರಣ ಮಾಡಿದಾಗ, ಎಲ್ಲ ಹಕ್ಕೂ ಅವರದೆಂದೇ ನಂಬಿ ಸುಮ್ಮನಿದ್ದೆ. ವಕೀಲರಾದ ಬಂಧುವೊಬ್ಬರು ಆಮೇಲೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ತೆಗೆದು ತೋರಿಸಿದರು. ಹಕ್ಕು ವಹಿಸಿಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯೇ ಭಾವಿಸಿಕೊಳ್ಳುತ್ತದೆ. ಈ ಸಲ ಅವಧಿ, ಪ್ರತಿಗಳ ಸಂಖ್ಯೆ, ಗೌರವಧನದ ಪ್ರಮಾಣ, ಧ್ವನಿಪುಸ್ತಕದ ಹಕ್ಕು ಯಾರದು ಎಂಬುದನ್ನೆಲ್ಲ ಬರೆಸಿದ ನಂತರವೇ ಸಹಿ ಹಾಕಿದೆ. ಮನೆಯ ಕೆಲಸದ ನಡುವೆ ಬರೆಯುವ ನಮ್ಮಂಥವರು ಪುಸ್ತಕ ಬಂದರೆ ಸಾಕೆಂಬ ಆತುರದಲ್ಲಿ ಇದನ್ನು ಓದದೆ ಬಿಡುತ್ತೇವೆ, ದಯವಿಟ್ಟು ಓದಿ.

ಡೆಮಿ ಅಷ್ಟಪತ್ರದ ಆಕಾರದಲ್ಲಿ 208 ಪುಟ, ಹದಿನಾರು ಪುಟಕ್ಕೊಂದರಂತೆ 13 ಫಾರಂಗಳ ಕರಡು ಬಂದಾಗ ಊಟದ ಮೇಜಿನ ಮೇಲೆ ಹರಡಿಕೊಂಡು ನಾನೂ ಮಕ್ಕಳೂ ಕುಳಿತೆವು. ಎರಡನೆಯ ಕಣ್ಣಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅತ್ತೆಯವರು ಒಂದು ಹಾಳೆಯನ್ನು ಎತ್ತಿಕೊಂಡು, ದೂರ ಹಿಡಿದು, ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದರು. 142ನೇ ಪುಟದಲ್ಲಿ ಎಡಗೈ ಹಾಗೆಯೇ ಉಳಿದಿತ್ತು. ಮಗ ಕೆಂಪು ಪೆನ್ನಿನಲ್ಲಿ ಅದನ್ನು ಸುತ್ತಿ ನನ್ನ ಕಡೆಗೆ ತಳ್ಳಿದ. ‘ಬಲ’ ಎಂದು ತಿದ್ದಿ, ಒಂಬತ್ತನೇ ಫಾರಂ ಮಡಿಸಿ, ಮುಂದಿನದನ್ನು ತೆಗೆದುಕೊಂಡೆ.